ರೊನಾಲ್ಡ್ ಕೋಲ್ಮನ್, ಮೂಕಿಯಿಂದ ರೇಡಿಯೊವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಾಲಿವುಡ್ ಸಿನಿಮಾ ನೋಡುವ ಹುಚ್ಚು ಹಿಡಿದವರಿಗೆ ಇಂದಲ್ಲ ನಾಳೆ ಒಂದು ದನಿ ಎದುರಾಗುತ್ತದೆ. ಮೆತ್ತಗಿದ್ದರೂ ಪ್ರತಿ ಅಕ್ಷರವೂ ಕಿವಿಗೆ ಬೀಳುವ, ವಾಕ್ಯ ಮುಗಿಯುವ ಹೊತ್ತಿಗೆ ಕೊಂಚ ನಗು ಬೆರೆಸಿಕೊಳ್ಳುವ ದನಿ. ಅದು ರೊನಾಲ್ಡ್ ಕೋಲ್ಮನ್‌ನದು. ಅಂಥ ದನಿಯ ಒಡೆಯ ತನ್ನ ಸಿನಿಮಾ ಬದುಕಿನ ಮೊದಲ ಹನ್ನೆರಡು ವರ್ಷ ದುಡಿದದ್ದು ಮೂಕಿ ಚಿತ್ರಗಳಲ್ಲಿ. ಈತನ ಬಗ್ಗೆ ಇಷ್ಟೊಂದು ಪ್ರಶ್ನೆ ಏಳುವುದಕ್ಕೆ ಬಹುಶಃ ಅದೇ ಕಾರಣ. ಗೆಳೆಯರು ಮತ್ತೆ ಮತ್ತೆ ಕೇಳುವವನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ರೊನಾಲ್ಡ್ ಕೋಲ್ಮನ್ ಯಾರು? ಎರಡು ಮಾತಿನಲ್ಲಿ ಹೇಳಿ.

1891ರ ಫೆಬ್ರುವರಿ 9ರಂದು ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ರಿಚ್ಮಂಡ್‌ನಲ್ಲಿ ಹುಟ್ಟಿದ ನಟ. ಲಂಡನ್ನಿನ ನಾಟಕ, ಬ್ರಿಟಿಷ್ ಮೂಕಿ, ಅಮೆರಿಕದ ಮೂಕಿ, ಟಾಕಿ, ರೇಡಿಯೊ, ಕೊನೆಗೆ ಟೆಲಿವಿಷನ್, ಹೀಗೆ ತನ್ನ ಕಾಲದಲ್ಲಿ ಬಂದ ಎಲ್ಲ ಮಾಧ್ಯಮಗಳಲ್ಲೂ ಹಾದುಹೋದವನು. 1947ರ 'ಎ ಡಬಲ್ ಲೈಫ್' ಚಿತ್ರಕ್ಕೆ ಆಸ್ಕರ್ ಬಂತು. 1958ರಲ್ಲಿ ತೀರಿಕೊಂಡ.

ನಟನಾಗಬೇಕೆಂದು ಮೊದಲಿಂದಲೂ ಆಸೆಯಿತ್ತೇ?

ಇದ್ದದ್ದು ಎಂಜಿನಿಯರ್ ಆಗುವ ಯೋಚನೆ. ಅಪ್ಪ ಚಾರ್ಲ್ಸ್ ಕೋಲ್ಮನ್ ರೇಷ್ಮೆ ವ್ಯಾಪಾರಿ. ಹುಡುಗ ಓದಿದ್ದು ಲಿಟಲ್‌ಹ್ಯಾಂಪ್ಟನ್‌ನ ವಸತಿ ಶಾಲೆಯಲ್ಲಿ. ನಾಟಕದ ರುಚಿ ಹತ್ತಿದ್ದು ಅಲ್ಲೇ. ಕೇಂಬ್ರಿಡ್ಜ್‌ಗೆ ಹೋಗಿ ಎಂಜಿನಿಯರಿಂಗ್ ಓದುವುದೆಂದು ಮನೆಯಲ್ಲಿ ಮಾತಾಗಿತ್ತು. ಅಷ್ಟರಲ್ಲಿ 1907ರಲ್ಲಿ ಅಪ್ಪ ನ್ಯುಮೋನಿಯಾದಿಂದ ಸತ್ತ, ಮನೆಯ ಹಣಕಾಸು ಕುಸಿಯಿತು, ಕೇಂಬ್ರಿಡ್ಜ್ ಮಾತು ಅಲ್ಲಿಗೇ ನಿಂತಿತು. ಹದಿಹರೆಯದ ಕೋಲ್ಮನ್ ಲಂಡನ್ನಿನ ಒಂದು ಹಡಗು ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದ. ಹಗಲು ಲೆಕ್ಕ ಬರೆಯುವುದು, ಸಂಜೆ ಹವ್ಯಾಸಿ ತಂಡದಲ್ಲಿ ನಾಟಕ. ಆಫೀಸು ಮುಗಿಸಿ ತಾಲೀಮಿಗೆ ಓಡುವವರ ಈ ಪಾಡನ್ನು ನಮ್ಮ ಹವ್ಯಾಸಿ ರಂಗಭೂಮಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡಿದ್ದು ನಿಜವೇ?

ನಿಜ. 1909ರಲ್ಲೇ ಲಂಡನ್ ಸ್ಕಾಟಿಷ್ ರೆಜಿಮೆಂಟಿನಲ್ಲಿ ಅರೆಕಾಲಿಕ ಸೈನಿಕನಾಗಿ ಸೇರಿದ್ದ. 1914ರಲ್ಲಿ ಯುದ್ಧ ಶುರುವಾದ ಕೂಡಲೇ ಕರೆ ಬಂತು. ಅದೇ ವರ್ಷದ ಅಕ್ಟೋಬರ್ 31ರಂದು ಬೆಲ್ಜಿಯಂನ ಮೆಸಿನ್ ಕಾಳಗದಲ್ಲಿ ಸಿಡಿಗುಂಡಿನ ಚೂರು ಕಣಕಾಲಿಗೆ ಹೊಕ್ಕಿತು. ಮರುವರ್ಷ ಸೈನ್ಯದಿಂದ ಬಿಡುಗಡೆ. ಕಾಲು ಕುಂಟುವುದು ಮಾತ್ರ ಉಳಿದುಕೊಂಡಿತು. ಅದನ್ನು ಕ್ಯಾಮೆರಾ ಎದುರು ಮರೆಮಾಚಲು ಕೋಲ್ಮನ್ ಜೀವನಪೂರ್ತಿ ಹೆಣಗಿದ. ಆತನ ಚಿತ್ರಗಳಲ್ಲಿ ನಡಿಗೆಯನ್ನು ಸ್ವಲ್ಪ ಗಮನಿಸಿ. ಅವಸರದಲ್ಲಿ ಓಡುವುದು ಕಡಿಮೆ, ನಿಂತು ಮಾತನಾಡುವುದು ಹೆಚ್ಚು. ಗಾಂಭೀರ್ಯವೆಂದು ನಾವು ಮೆಚ್ಚಿಕೊಂಡದ್ದರಲ್ಲಿ ಆ ಚೂರಿನ ಪಾಲೂ ಇದೆ ಎಂದು ನನಗನ್ನಿಸುತ್ತದೆ.

ಸ್ವಾರಸ್ಯವೆಂದರೆ ಅದೇ ಲಂಡನ್ ಸ್ಕಾಟಿಷ್ ರೆಜಿಮೆಂಟಿನಲ್ಲಿ ಕ್ಲಾಡ್ ರೇನ್ಸ್, ಬೇಸಿಲ್ ರಾತ್‌ಬೋನ್, ಹರ್ಬರ್ಟ್ ಮಾರ್ಷಲ್ ಕೂಡ ಇದ್ದರು. ಮುಂದೆ ಹಾಲಿವುಡ್ಡಿನ ಪರದೆಯ ಮೇಲೆ ಇಂಗ್ಲಿಷರ ಮಾತು ಹೇಗಿರುತ್ತದೆಂದು ಜಗತ್ತಿಗೆ ತೋರಿಸಿಕೊಟ್ಟವರು ಇವರೇ. ಒಂದೇ ಪಡೆಯಿಂದ ಇಷ್ಟು ಕಂಠಗಳು!

ಟ್ಯಾಗೋರರ ಕಥೆಯ ನಾಟಕದಲ್ಲಿ ನಟಿಸಿದ್ದನೆಂದು ಕೇಳಿದ್ದೇವೆ, ಹೌದೇ?

ಹೌದು. ಸೈನ್ಯದಿಂದ ಬಂದಮೇಲೆ ಲಂಡನ್ನಿನ ವೃತ್ತಿರಂಗಭೂಮಿಯಲ್ಲಿ ಸಿಕ್ಕ ಮೊದಲ ಪಾತ್ರಗಳಲ್ಲಿ ಅದು ಒಂದು. ರವೀಂದ್ರನಾಥ ಟ್ಯಾಗೋರರ ಕಥೆಯೊಂದನ್ನು ಜಾರ್ಜ್ ಕಾಲ್ಡರನ್ 'ದಿ ಮಹಾರಾಣಿ ಆಫ್ ಅರಾಕಾನ್' ಎಂಬ ಏಕಾಂಕವಾಗಿ ಬರೆದಿದ್ದ. 1916ರ ಜೂನ್‌ನಲ್ಲಿ ಲಂಡನ್ ಕೊಲಿಸಿಯಂ ರಂಗಮಂದಿರದಲ್ಲಿ ನಟಿ ಲೀನಾ ಆಶ್ವೆಲ್ ಅದನ್ನು ಆಡಿದಾಗ ಕೋಲ್ಮನ್‌ಗೆ ರಹಮತ್ ಶೇಖ್ ಎಂಬ ಚಿಕ್ಕ ಪಾತ್ರ. ಐದು ವರ್ಷದ ಮೇಲೆ ನ್ಯೂಯಾರ್ಕಿನಲ್ಲೂ ಅಂಥದ್ದೇ ವೇಷ ಸಿಕ್ಕಿತು: ಹಿಮಾಲಯದ ಒಂದು ಕಲ್ಪಿತ ಸಂಸ್ಥಾನದ ಕಥೆಯಾದ 'ದಿ ಗ್ರೀನ್ ಗಾಡೆಸ್' ನಾಟಕದಲ್ಲಿ ದೇವಸ್ಥಾನದ ಪೂಜಾರಿ. 1956ರ 'ಅರೌಂಡ್ ದ ವರ್ಲ್ಡ್ ಇನ್ 80 ಡೇಸ್' ಚಿತ್ರದಲ್ಲಿ ಒಂದು ಗಳಿಗೆ ಕಾಣಿಸಿಕೊಂಡದ್ದೂ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಅಧಿಕಾರಿಯಾಗಿ. ಇಂಡಿಯಾ ಈತನನ್ನು ಹೀಗೆ ಬೆನ್ನು ಬಿಡದೆ ಹಿಂಬಾಲಿಸಿದೆ, ಆದರೆ ಯಾವಾಗಲೂ ರಂಗಸಜ್ಜಿಕೆಯ ಇಂಡಿಯಾ.

ಇಂಗ್ಲೆಂಡಿನಲ್ಲೇ ಸಿನಿಮಾ ನಟನಾಗಿ ಯಾಕೆ ಗೆಲ್ಲಲಿಲ್ಲ?

1917ರಿಂದ 1920ರವರೆಗೆ ಬ್ರಿಟನ್ನಿನಲ್ಲಿ ಒಂದಷ್ಟು ಮೂಕಿಗಳಲ್ಲಿ ನಟಿಸಿದ. 'ದಿ ಟಾಯ್ಲರ್ಸ್', 'ಎ ಸನ್ ಆಫ್ ಡೇವಿಡ್', ಸೆಸಿಲ್ ಹೆಪ್ವರ್ತ್ ತೆಗೆದ 'ಆ್ಯನಾ ದಿ ಅಡ್ವೆಂಚರೆಸ್' ಅವುಗಳಲ್ಲಿ ಕೆಲವು. ಯಾವುದೂ ಹೆಸರು ತರಲಿಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಚಿತ್ರೋದ್ಯಮವೇ ಸೊರಗಿತ್ತು, ಥಿಯೇಟರುಗಳ ತುಂಬ ಅಮೆರಿಕದ ಚಿತ್ರಗಳು. ನಾಟಕಗಳಲ್ಲೂ ಕೆಲಸ ಅಷ್ಟಕ್ಕಷ್ಟೇ. 1920ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಅಮೆರಿಕಕ್ಕೆ ಹೊರಟ.

ಹಾಲಿವುಡ್ ಬಾಗಿಲು ತೆರೆದದ್ದು ಹೇಗೆ? ಆ ಮೀಸೆಯ ಕಥೆ ಏನು?

1922ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಎಂಪೈರ್ ಥಿಯೇಟರಿನಲ್ಲಿ 'ಲಾ ತಾಂಡ್ರೆಸ್' ಎಂಬ ನಾಟಕ ನಡೆಯುತ್ತಿತ್ತು. ನಿರ್ದೇಶಕ ಹೆನ್ರಿ ಕಿಂಗ್ ಅಲ್ಲಿ ಕೋಲ್ಮನ್‌ನನ್ನು ಕಂಡ. ಲಿಲಿಯನ್ ಗಿಶ್ ನಾಯಕಿಯಾಗಿದ್ದ 'ದಿ ವೈಟ್ ಸಿಸ್ಟರ್' ಚಿತ್ರಕ್ಕೆ ಇಟಾಲಿಯನ್ ಸೇನಾಧಿಕಾರಿಯಂತೆ ಕಾಣುವ ನಾಯಕ ಬೇಕಿತ್ತು. ಕೋಲ್ಮನ್ ಆಗ ನುಣ್ಣಗೆ ಮೀಸೆ ಬೋಳಿಸಿದ ಇಂಗ್ಲಿಷ್ ನಟ. ಪರೀಕ್ಷೆಗೆ ನಿಲ್ಲಿಸಿದಾಗ ಕಿಂಗ್ ಕೂದಲನ್ನು ಹಿಂದಕ್ಕೆ ನುಣುಪಾಗಿ ಬಾಚಿಸಿ, ಪೆನ್ಸಿಲಿನಿಂದ ತುಟಿಯ ಮೇಲೆ ಮೀಸೆ ಬರೆದನೆಂಬುದು ಪ್ರಸಿದ್ಧ ಕಥೆ. ಆಮೇಲೆ ಅದನ್ನೇ ನಿಜವಾಗಿ ಬೆಳೆಸಲಾಯಿತು. ಮುಂದಿನ ಮೂವತ್ತು ವರ್ಷ ಜಗತ್ತಿನ ಎಷ್ಟೋ ಕ್ಷೌರಿಕರ ಅಂಗಡಿಗಳಲ್ಲಿ ಗಿರಾಕಿಗಳು ಕೇಳಿದ 'ಕೋಲ್ಮನ್ ಮೀಸೆ' ಹುಟ್ಟಿದ್ದು ಹೀಗೆ.

ಇಟಲಿಯಲ್ಲಿ ಚಿತ್ರೀಕರಣವಾದ ಆ ಚಿತ್ರ 1923ರಲ್ಲಿ ಬಂತು, ಗೆದ್ದಿತು. ಮರುವರ್ಷ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್ವಿನ್ ಕರಾರು ಮಾಡಿಕೊಂಡ.

ವಿಲ್ಮಾ ಬ್ಯಾಂಕಿ ಜೊತೆ ಎಷ್ಟು ಚಿತ್ರ?

ಐದು. 1925ರ 'ದಿ ಡಾರ್ಕ್ ಏಂಜೆಲ್'ನಿಂದ 1928ರ 'ಟೂ ಲವರ್ಸ್'ವರೆಗೆ. ಗೋಲ್ಡ್ವಿನ್ ಹಂಗರಿಯಿಂದ ಕರೆತಂದ ಈ ನಟಿಯೂ ಕೋಲ್ಮನ್ನನೂ ಮೂಕಿ ಯುಗದ ಕೊನೆಯ ದೊಡ್ಡ ಪ್ರಣಯ ಜೋಡಿ. 'ದಿ ಡಾರ್ಕ್ ಏಂಜೆಲ್' ಪ್ರತಿ ಇಂದು ಉಳಿದಿಲ್ಲವೆಂದೇ ಲೆಕ್ಕ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಅಧಿಕಾರಿಯ ಪಾತ್ರ ಅದರಲ್ಲಿ ಕೋಲ್ಮನ್‌ನದು. ಜೋಡಿಯ ಚಿತ್ರಗಳ ಆಚೆಗೆ 1925ರಲ್ಲಿ ಲುಬಿಶ್ ನಿರ್ದೇಶನದ 'ಲೇಡಿ ವಿಂಡರ್ಮಿಯರ್ಸ್ ಫ್ಯಾನ್', 1926ರಲ್ಲಿ 'ಬೋ ಜೆಸ್ಟ್' ಬಂದವು. ಎರಡನೆಯದು ಫ್ರೆಂಚ್ ವಿದೇಶಿ ಸೇನೆಯ ಸಾಹಸ ಕಥೆ. ಮರುಭೂಮಿಯ ದೃಶ್ಯಗಳನ್ನು ಅರಿಜೋನಾದ ಯೂಮಾ ಊರಿನ ಬಳಿ ತೆಗೆದರು.

ಟಾಕಿ ಬಂದಾಗ ಎಷ್ಟೋ ಮೂಕಿ ತಾರೆಯರು ಮುಳುಗಿದರು. ಕೋಲ್ಮನ್ ಹೇಗೆ ತೇಲಿದ?

ತೇಲಿದ್ದಷ್ಟೇ ಅಲ್ಲ, ಟಾಕಿ ಬಂದಮೇಲೆಯೇ ಆತನ ನಿಜವಾದ ಬೆಲೆ ಗೊತ್ತಾಯಿತು. ಮೊದಲ ಮಾತಿನ ಚಿತ್ರ 'ಬುಲ್ಡಾಗ್ ಡ್ರಮಂಡ್' 1929ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಯುದ್ಧ ಮುಗಿದು ಬೇಸರ ಹಿಡಿದ ಮಾಜಿ ಅಧಿಕಾರಿಯೊಬ್ಬ ಸಾಹಸ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಡುವ ಕಥೆ. ಕೋಲ್ಮನ್ ಅದನ್ನು ಅರ್ಧ ತಮಾಷೆಯಾಗಿ, ಪಕ್ಕದಲ್ಲಿ ಕೂತವನೊಂದಿಗೆ ಹರಟುವ ಹಾಗೆ ಮಾತನಾಡಿ ಮುಗಿಸಿದ.

ಇದು ಯಾಕೆ ದೊಡ್ಡ ವಿಷಯವೆಂದು ತಿಳಿಯಲು ಆಗಿನ ಪರಿಸ್ಥಿತಿ ನೋಡಬೇಕು. ಮೈಕುಗಳು ಒರಟು. ಹೂದಾನಿಯೊಳಗೋ ದೀಪದ ಹಿಂದೆಯೋ ಅವನ್ನು ಬಚ್ಚಿಡುತ್ತಿದ್ದರು. ನಟ ಅದರ ಹತ್ತಿರವೇ ನಿಂತು ಮಾತನಾಡಬೇಕು, ದೂರ ಸರಿದರೆ ದನಿ ಮಾಯ. ಕ್ಯಾಮೆರಾದ ಗದ್ದಲ ಕೇಳದಿರಲೆಂದು ಅದನ್ನು ಗಾಳಿಯಾಡದ ಗೂಡಿನಲ್ಲಿ ಮುಚ್ಚಿಡುತ್ತಿದ್ದರು. ಮಾತು ಬಲ್ಲವರು ಬೇಕೆಂದು ರಂಗಭೂಮಿಯಿಂದ ನಟರನ್ನು ದಂಡುದಂಡಾಗಿ ಕರೆಸಿದರು. ಅವರಲ್ಲಿ ಹಲವರು ನಾಟಕಶಾಲೆಯ ಹಿಂದಿನ ಸಾಲಿಗೂ ಕೇಳಿಸುವ ಹಾಗೆ ಗಂಟಲು ಎತ್ತಿದರು. ಮೂಕಿಯಿಂದ ಬಂದವರಲ್ಲಿ ಹಲವರಿಗೆ ಮಾತೇ ಕಷ್ಟ. ವಿಲ್ಮಾ ಬ್ಯಾಂಕಿಯ ಇಂಗ್ಲಿಷಿನಲ್ಲಿ ಹಂಗರಿಯ ಛಾಯೆ ದಟ್ಟವಾಗಿತ್ತು. ಬೆರಳೆಣಿಕೆಯ ಟಾಕಿಗಳಲ್ಲಿ ಕಾಣಿಸಿಕೊಂಡು ಆಕೆ ಹಿಂದೆ ಸರಿದಳು.

ಕೋಲ್ಮನ್‌ಗೆ ಎರಡೂ ಕಡೆಯ ಲಾಭ. ರಂಗಭೂಮಿಯಲ್ಲಿ ಪಳಗಿದ ನಾಲಿಗೆ, ಮೂಕಿಯಲ್ಲಿ ಪಳಗಿದ ಮುಖ. ಕ್ಯಾಮೆರಾ ಹತ್ತಿರವಿದ್ದಾಗ ಹುಬ್ಬು ಎಷ್ಟು ಏರಿಸಿದರೆ ಸಾಕೆಂದು ಹನ್ನೆರಡು ವರ್ಷದಲ್ಲಿ ಕಲಿತಿದ್ದ. ಮೈಕಿನ ಮುಂದೆ ದನಿಗೂ ಅದೇ ಲೆಕ್ಕ ಹಾಕಿದ. ದನಿ ಎತ್ತಬೇಕಾದಲ್ಲಿ ಇಳಿಸಿದ. ಕೇಳುವವರೇ ಮುಂದಕ್ಕೆ ಬಾಗಿದರು. ಆ ವರ್ಷದ 'ಬುಲ್ಡಾಗ್ ಡ್ರಮಂಡ್', 'ಕಂಡೆಮ್ಡ್' ಎರಡೂ ಚಿತ್ರಗಳಿಗೆ ಸೇರಿ ಅತ್ಯುತ್ತಮ ನಟನ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

ಗೋಲ್ಡ್ವಿನ್ ಮೇಲೆ ಮೊಕದ್ದಮೆ ಹೂಡಿದ್ದೇಕೆ?

ಕುಡಿತದ ಸುದ್ದಿಗಾಗಿ. ಕೋಲ್ಮನ್ ಒಂದೆರಡು ಗುಟುಕು ಏರಿಸಿದರೇನೇ ಪ್ರಣಯ ದೃಶ್ಯದಲ್ಲಿ ಚೆನ್ನಾಗಿ ನಟಿಸುತ್ತಾನೆ ಎಂಬ ಅರ್ಥದ ಪ್ರಚಾರ 1932ರಲ್ಲಿ ಗೋಲ್ಡ್ವಿನ್ ಕಡೆಯಿಂದ ಪತ್ರಿಕೆಗಳಿಗೆ ಹೋಯಿತು. ಬೇರೆ ನಟನಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದನೇನೋ. ಖಾಸಗಿ ಬದುಕನ್ನು ಬೀದಿಗೆ ತರುವುದೆಂದರೆ ಈತನಿಗೆ ಆಗದು. 20 ಲಕ್ಷ ಡಾಲರ್ ಪರಿಹಾರ ಕೇಳಿ ದಾವೆ ಹಾಕಿದ. ಆ ಹೊತ್ತಿಗೆ ಕೈಯಲ್ಲಿದ್ದ ಚಿತ್ರ 'ದಿ ಮಾಸ್ಕರೇಡರ್' 1933ರಲ್ಲಿ ಬಂದಮೇಲೆ ಗೋಲ್ಡ್ವಿನ್ ಹೊಸಿಲನ್ನು ಮತ್ತೆ ತುಳಿಯಲಿಲ್ಲ. ಸ್ಟುಡಿಯೊಗಳು ನಟರನ್ನು ಜೀತದಾಳುಗಳ ಹಾಗೆ ಕಟ್ಟಿಹಾಕಿದ್ದ ಕಾಲವದು. ಉತ್ತುಂಗದಲ್ಲಿದ್ದಾಗ ಎದ್ದು ನಡೆದದ್ದು ಸಣ್ಣ ಗಟ್ಟಿತನವಲ್ಲ.

'ಕ್ಲೈವ್ ಆಫ್ ಇಂಡಿಯಾ' ನೋಡಬಹುದೇ?

ನೋಡಬಹುದು, ಹೇಳಿದ್ದನ್ನೆಲ್ಲ ನಂಬದೆ. 1935ರ ಈ ಚಿತ್ರದಲ್ಲಿ ಕೋಲ್ಮನ್ ರಾಬರ್ಟ್ ಕ್ಲೈವ್, ಲೊರೆಟಾ ಯಂಗ್ ಅವನ ಹೆಂಡತಿ, ಸೀಸರ್ ರೊಮೆರೊ ಮೀರ್ ಜಾಫರ್. ಪಾತ್ರಕ್ಕಾಗಿ ಮೀಸೆಯನ್ನೂ ಬೋಳಿಸಿಕೊಂಡ. ಪ್ಲಾಸಿ ಕದನವಿದೆ, ಆನೆಗಳಿವೆ, ಗಂಡ ಹೆಂಡಿರ ವಿರಸವಿದೆ. ಇಲ್ಲದಿರುವುದು ಒಂದೇ, ಬಂಗಾಳದ ಕಡೆಯಿಂದ ಈ ಕಥೆ ಹೇಗೆ ಕಾಣುತ್ತದೆ ಎಂಬುದು. ಕ್ಲೈವ್ ಇಲ್ಲಿ ದೇಶಕ್ಕಾಗಿ ಮನೆ ಕಳೆದುಕೊಂಡ ಮಹಾನುಭಾವ. ಅವನು ಜೇಬಿಗಿಳಿಸಿದ ಸಂಪತ್ತಿನ ಮಾತು ಬಂದಾಗಲೂ ಕ್ಯಾಮೆರಾ ಅವನ ಪರ ವಕಾಲತ್ತು ವಹಿಸುತ್ತದೆ. ಕೋಲ್ಮನ್‌ನ ದನಿ ಎಷ್ಟು ಅಪಾಯಕಾರಿ ಎಂದು ನನಗೆ ಗೊತ್ತಾದದ್ದು ಈ ಚಿತ್ರ ನೋಡಿದಾಗ. ಪಾರ್ಲಿಮೆಂಟಿನ ಮುಂದೆ ಕ್ಲೈವ್ ತನ್ನನ್ನು ಸಮರ್ಥಿಸಿಕೊಳ್ಳುವಾಗ, ಇತಿಹಾಸ ಬಲ್ಲವರೂ ಅರೆಕ್ಷಣ ತಲೆಯಾಡಿಸಿಬಿಡುತ್ತಾರೆ.

ಮೊದಲು ಯಾವ ಚಿತ್ರ ನೋಡಲಿ?

ಸಮಯ ಕಡಿಮೆಯಿದ್ದರೆ 1937ರ ಎರಡು ಚಿತ್ರ ಸಾಕು. ಫ್ರಾಂಕ್ ಕಾಪ್ರಾ ನಿರ್ದೇಶನದ 'ಲಾಸ್ಟ್ ಹೊರೈಜನ್', ಸೆಲ್ಜ್ನಿಕ್ ನಿರ್ಮಿಸಿದ 'ದಿ ಪ್ರಿಸನರ್ ಆಫ್ ಝೆಂಡಾ'. ಎರಡನೆಯದರಲ್ಲಿ ದ್ವಿಪಾತ್ರ: ರಾಜನೂ ಅವನೇ, ರಾಜನ ಹಾಗೇ ಇರುವ ಪ್ರವಾಸಿಯೂ ಅವನೇ. ಇಬ್ಬರೂ ಎದುರುಬದುರು ಕೂತು ಮಾತನಾಡುವಾಗ ದನಿಯ ತೂಕದಲ್ಲಿ ಎಷ್ಟು ವ್ಯತ್ಯಾಸ ಮಾಡಿದ್ದಾನೆ ಕೇಳಿ.

1935ರ 'ಎ ಟೇಲ್ ಆಫ್ ಟೂ ಸಿಟೀಸ್'ನಲ್ಲಿ ಡಿಕನ್ಸ್‌ನ ಸಿಡ್ನಿ ಕಾರ್ಟನ್ ಆದದ್ದೂ ಮೀಸೆ ತೆಗೆಸಿಯೇ. ಅಲ್ಲಿ ಕಾರ್ಟನ್, ಕಥೆಯ ಇನ್ನೊಂದು ಮುಖ್ಯ ಪಾತ್ರವಾದ ಡಾರ್ನೆ ಇಬ್ಬರೂ ನೋಡಲು ಒಂದೇ ಥರ ಇರಬೇಕು. ಎರಡನ್ನೂ ತಾನೇ ಮಾಡಲು ಒಪ್ಪದೆ ಒಂದನ್ನೇ ಹಿಡಿದ. ಅದು ಸರಿಯಾದ ತೀರ್ಮಾನ. ಕುಡುಕ ವಕೀಲನ ಸೋಲನ್ನು ಆ ಚಿತ್ರದಲ್ಲಿ ಇಡಿಯಾಗಿ ಮೈಮೇಲೆ ಹಾಕಿಕೊಳ್ಳಲು ಬಿಡುವು ಸಿಕ್ಕಿತು. ನನ್ನನ್ನು ಕೇಳಿದರೆ ಆತನ ಅತ್ಯುತ್ತಮ ಚಿತ್ರ ಇದೇ, ಆಸ್ಕರ್ ಬಂದದ್ದು ಬೇರೆಯದಕ್ಕಾದರೂ.

ತಿಳಿಹಾಸ್ಯ ಬೇಕೆಂದರೆ 1942ರ 'ದಿ ಟಾಕ್ ಆಫ್ ದ ಟೌನ್'. ಕ್ಯಾರಿ ಗ್ರಾಂಟ್, ಜೀನ್ ಆರ್ಥರ್ ಜೊತೆ ಕಾನೂನು ಪ್ರಾಧ್ಯಾಪಕನಾಗಿ ಕೋಲ್ಮನ್. ಕಣ್ಣೀರು ಬೇಕೆಂದರೆ ಅದೇ ವರ್ಷದ 'ರ್‍ಯಾಂಡಮ್ ಹಾರ್ವೆಸ್ಟ್'. ಮೊದಲ ಮಹಾಯುದ್ಧದಲ್ಲಿ ನೆನಪು ಕಳೆದುಕೊಂಡ ಸೈನಿಕನ ಕಥೆ, ಜೊತೆಗೆ ಗ್ರೀರ್ ಗಾರ್ಸನ್. ಈ ವೇಳೆಗೆ ಕೋಲ್ಮನ್‌ಗೆ ಐವತ್ತು ದಾಟಿತ್ತು, ಪಾತ್ರಕ್ಕೆ ವಯಸ್ಸು ಹೆಚ್ಚೇ. ಆದರೆ ತೊದಲುತ್ತ ಮಾತು ಹುಡುಕುವ ಮೊದಲ ದೃಶ್ಯಗಳಲ್ಲಿ ವಯಸ್ಸು ಯಾರಿಗೂ ನೆನಪಾಗುವುದಿಲ್ಲ. ಅಷ್ಟು ನಿರರ್ಗಳ ಬಾಯಿಯವನು ಮಾತು ಸಿಗದೆ ಒದ್ದಾಡುವುದನ್ನು ನೋಡುವುದೇ ಒಂದು ಅನುಭವ. ಇದಕ್ಕೂ ಆಸ್ಕರ್ ನಾಮನಿರ್ದೇಶನ ಬಂತು.

ಕೈಬಿಟ್ಟ ದೊಡ್ಡ ಪಾತ್ರಗಳಿವೆಯೇ?

ಹಿಚ್‌ಕಾಕ್‌ನ 'ರೆಬೆಕಾ'. ಮ್ಯಾಕ್ಸಿಮ್ ಡಿ ವಿಂಟರ್ ಪಾತ್ರಕ್ಕೆ ನಿರ್ಮಾಪಕ ಸೆಲ್ಜ್ನಿಕ್ ಬಯಸಿದ್ದು ಕೋಲ್ಮನ್‌ನನ್ನು. ಈತ ಒಪ್ಪಲಿಲ್ಲ, ಪಾತ್ರ ಲಾರೆನ್ಸ್ ಒಲಿವಿಯೆ ಪಾಲಾಯಿತು.

ಭಾರತೀಯ ಚಿತ್ರರಂಗದ ಮೇಲೆ ಕೋಲ್ಮನ್ ಪ್ರಭಾವ ಇದೆಯೇ?

ಇದೆ. ಎಂ.ಜಿ.ಆರ್. ಇನ್ನೂ ಚಿಕ್ಕಪುಟ್ಟ ಪಾತ್ರ ಮಾಡುತ್ತಿದ್ದ ಕಾಲ. 'ಮಾಯಾ ಮಚ್ಛೀಂದ್ರ' ಚಿತ್ರೀಕರಣಕ್ಕೆಂದು ಕಲ್ಕತ್ತಕ್ಕೆ ಹೋಗಿದ್ದಾಗ ಅಲ್ಲಿ ಕೋಲ್ಮನ್ ನಟಿಸಿದ 1938ರ 'ಇಫ್ ಐ ವರ್ ಕಿಂಗ್' ನೋಡಿದರು. ತಾನು ರಾಜನಾದರೆ ಏನು ಮಾಡುತ್ತಿದ್ದೆ ಎಂಬ ಆ ಚಿತ್ರದ ಯೋಚನೆ ತಲೆಯಲ್ಲಿ ಕೂತುಬಿಟ್ಟಿತು. ಇಪ್ಪತ್ತು ವರ್ಷದ ಮೇಲೆ, 1958ರಲ್ಲಿ, ತಾವೇ ನಿರ್ದೇಶಿಸಿ ದ್ವಿಪಾತ್ರದಲ್ಲಿ ನಟಿಸಿದ 'ನಾಡೋಡಿ ಮನ್ನನ್' ಆಗಿ ಹೊರಬಂತು. ಅದರ ರಾಜನ ಪ್ರತಿರೂಪದ ಕಥೆಯಲ್ಲಿ 'ಝೆಂಡಾ'ದ ನೆರಳೂ ಇದೆ. ನಮ್ಮ ಬೆಂಗಳೂರಿನ ಬಿ. ಸರೋಜಾದೇವಿ ತಮಿಳಿನಲ್ಲಿ ಮನೆಮಾತಾದದ್ದು ಆ ಚಿತ್ರದಿಂದ. ಲಂಡನ್ನಿನ ಹಡಗು ಕಂಪನಿಯ ಗುಮಾಸ್ತನಿಂದ ನಮ್ಮ ಸರೋಜಮ್ಮನವರೆಗೆ ಎಂಥ ದಾರಿ!

'ರ್‍ಯಾಂಡಮ್ ಹಾರ್ವೆಸ್ಟ್' ಕಥೆ ಬಂಗಾಳಿಯಲ್ಲಿ 1957ರಲ್ಲಿ ಉತ್ತಮ್ ಕುಮಾರ್, ಸುಚಿತ್ರಾ ಸೇನ್ ನಟಿಸಿದ 'ಹಾರಾನೊ ಸುರ್' ಆಯಿತು. ನೆನಪು ಹೋಗಿ ಹೆಂಡತಿಯನ್ನೇ ಗುರುತಿಸದ ನಾಯಕ ಆಮೇಲೆ ನಮ್ಮ ದೇಶದ ಎಷ್ಟು ಭಾಷೆಗಳಲ್ಲಿ ಅಲೆದಾಡಿದ್ದಾನೆಂದು ಲೆಕ್ಕವಿಟ್ಟವರಾರು.

ರೇಡಿಯೊಗೆ ಬಂದದ್ದು ಯಾವಾಗ?

ದೊಡ್ಡ ಮಟ್ಟದಲ್ಲಿ 1939ರಲ್ಲಿ. ಅಮೆರಿಕದ ಎನ್‌ಬಿಸಿ ರೇಡಿಯೊ ಜಾಲದಲ್ಲಿ ಕೆಲಾಗ್ಸ್ ಕಂಪನಿಯ ಪ್ರಾಯೋಜಕತ್ವದಲ್ಲಿ 'ದಿ ಸರ್ಕಲ್' ಎಂಬ ಕಾರ್ಯಕ್ರಮ ಶುರುವಾಯಿತು. ಕೋಲ್ಮನ್, ಕ್ಯಾರಿ ಗ್ರಾಂಟ್, ಕ್ಯಾರೊಲ್ ಲೊಂಬಾರ್ಡ್, ಮಾರ್ಕ್ಸ್ ಸೋದರರಲ್ಲಿ ಗ್ರೌಚೊ ಮತ್ತು ಚಿಕೊ, ಎಲ್ಲರೂ ಕ್ಲಬ್ಬಿನಲ್ಲಿ ಕೂತು ಹರಟುವ ಹಾಗೆ ಅದರ ಚೌಕಟ್ಟು. ಹರಟೆಯನ್ನು ಬರೆದುಕೊಟ್ಟು ಓದಿಸಿದರೆ ಹರಟೆಯಾಗುತ್ತದೆಯೇ? ಕೆಲವೇ ವಾರಗಳಲ್ಲಿ ಕೋಲ್ಮನ್ ಹೊರನಡೆದ. ಕಾರ್ಯಕ್ರಮವೂ ಅದೇ ವರ್ಷ ನಿಂತುಹೋಯಿತು.

ಅದಕ್ಕಿಂತ ಚೆನ್ನಾಗಿ ಒಗ್ಗಿದ್ದು ರೇಡಿಯೊ ನಾಟಕ. ಸಿನಿಮಾ ಕಥೆಗಳನ್ನು ಒಂದು ಗಂಟೆಗೆ ಇಳಿಸಿ, ಪ್ರೇಕ್ಷಕರ ಎದುರೇ ಆಡಿ ನೇರ ಪ್ರಸಾರ ಮಾಡುತ್ತಿದ್ದ ಲಕ್ಸ್ ರೇಡಿಯೊ ಥಿಯೇಟರಿನಲ್ಲಿ 'ಲಾಸ್ಟ್ ಹೊರೈಜನ್', 'ರ್‍ಯಾಂಡಮ್ ಹಾರ್ವೆಸ್ಟ್' ಎರಡನ್ನೂ ಮತ್ತೆ ಆಡಿದ. 1941ರಲ್ಲಿ ಡಿಕನ್ಸ್‌ನ 'ಎ ಕ್ರಿಸ್ಮಸ್ ಕ್ಯಾರೊಲ್' ಅನ್ನು ಡೆಕ್ಕಾ ಗ್ರಾಮಫೋನ್ ತಟ್ಟೆಗಳಿಗೆ ಹೇಳಿದ. 1944ರಲ್ಲಿ ಆರ್ಚ್ ಓಬ್ಲರ್ ಬರೆದು ನಿರ್ದೇಶಿಸಿದ 'ಎವ್ರಿಥಿಂಗ್ ಫಾರ್ ದ ಬಾಯ್ಸ್' ನಡೆಸಿಕೊಟ್ಟ. ಮೊದಲು ಒಂದು ನಾಟಕ, ಆಮೇಲೆ ದೂರದ ರಣರಂಗದಲ್ಲಿದ್ದ ಸೈನಿಕರೊಂದಿಗೆ ಶಾರ್ಟ್‌ವೇವ್‌ನಲ್ಲಿ ಮಾತುಕತೆ. ಯುದ್ಧ ಮುಗಿದ ಮೇಲೆ 'ಫೇವರಿಟ್ ಸ್ಟೋರಿ' ಸರಣಿಯ ನಿರೂಪಕನಾದ.

ಅಚ್ಚರಿಯ ಕಂತು ಬೇಕೆಂದರೆ 'ಸಸ್ಪೆನ್ಸ್' ಸರಣಿಯಲ್ಲಿ 1945ರಲ್ಲಿ ಬಂದ 'ದಿ ಡನ್ವಿಚ್ ಹಾರರ್' ಕೇಳಿ. ರಾತ್ರಿ, ದೀಪ ಆರಿಸಿ. ಕಿರುಚಾಟವಿಲ್ಲದೆ ಹೆದರಿಸುವುದು ಹೇಗೆಂದು ಗೊತ್ತಾಗುತ್ತದೆ.

ಜ್ಯಾಕ್ ಬೆನ್ನಿ ಪಕ್ಕದ ಮನೆಯಲ್ಲಿ ನಿಜಕ್ಕೂ ವಾಸವಿದ್ದರೇ?

ಇರಲಿಲ್ಲ. ಕೇಳುಗರು ನಿಜವೆಂದೇ ನಂಬಿದ್ದರು, ಅಷ್ಟು ಸಹಜವಾಗಿತ್ತು. ಜ್ಯಾಕ್ ಬೆನ್ನಿ ಅಮೆರಿಕದ ರೇಡಿಯೊದ ಮಹಾ ಹಾಸ್ಯಗಾರ. ತನ್ನನ್ನೇ ಜಗಜ್ಜಿಪುಣನೆಂದು ಚಿತ್ರಿಸಿಕೊಂಡು ನಗಿಸುತ್ತಿದ್ದ. 1945ರ ಡಿಸೆಂಬರಿನಲ್ಲಿ ಕೋಲ್ಮನ್ ಮತ್ತು ಹೆಂಡತಿ ಬೆನಿಟಾ ಹ್ಯೂಮ್ ಆ ಕಾರ್ಯಕ್ರಮಕ್ಕೆ ಪಕ್ಕದ ಮನೆಯವರಾಗಿ ಬಂದರು. ಅಲ್ಲಿಂದ ಐದಾರು ವರ್ಷ ಆಗಾಗ ಬರುತ್ತಲೇ ಇದ್ದರು. ಬೆನ್ನಿ ಕರೆಯದೆ ನುಗ್ಗುತ್ತಾನೆ, ಸಾಮಾನು ಎರವಲು ಒಯ್ಯುತ್ತಾನೆ. ಇವರೋ ಮರ್ಯಾದಸ್ಥ ಇಂಗ್ಲಿಷರು, ಬಾಯಿಬಿಟ್ಟು ಬೈಯಲಾರರು. ಬೆನ್ನಿಯ ಹೆಸರು ಕೇಳಿದೊಡನೆ ಕೋಲ್ಮನ್ ಬಿಡುವ ಆ ದೀರ್ಘ ಉಸಿರಿಗೇ ಸಭಾಂಗಣ ನಗೆಯಲ್ಲಿ ಮುಳುಗುತ್ತಿತ್ತು. ತನ್ನ ಗಾಂಭೀರ್ಯವನ್ನೇ ಗೇಲಿ ಮಾಡಿಕೊಳ್ಳಬಲ್ಲ ನಟ ಎಂದು ಜನಕ್ಕೆ ತಿಳಿದದ್ದು ಇಲ್ಲೇ.

ಅಮೆರಿಕದ ರೇಡಿಯೊದ ಅತಿ ಪ್ರಸಿದ್ಧ ತಮಾಷೆಯೊಂದು ಹುಟ್ಟಿದ್ದೂ ಈ ನೆರೆಹೊರೆಯಿಂದ. 1948ರ ಮಾರ್ಚ್ 20ರಂದು ಕೋಲ್ಮನ್‌ಗೆ ಆಸ್ಕರ್ ಬಂತು. ಎಂಟು ದಿನಕ್ಕೆ ಪ್ರಸಾರವಾದ ಕಂತಿನಲ್ಲಿ ಬೆನ್ನಿ ಅದನ್ನೂ ಎರವಲು ಕೇಳಿ ಒಯ್ಯುತ್ತಾನೆ. ಕತ್ತಲಲ್ಲಿ ಮನೆಗೆ ನಡೆಯುವಾಗ ಕಳ್ಳನೊಬ್ಬ ಅಡ್ಡಗಟ್ಟಿ, ದುಡ್ಡು ಬೇಕೋ ಪ್ರಾಣ ಬೇಕೋ ಎಂದು ಗದರಿಸುತ್ತಾನೆ. ಮೌನ. ಜನ ನಗಲು ಶುರುಮಾಡುತ್ತಾರೆ. ಇನ್ನೂ ಮೌನ. ಕಳ್ಳ ಮತ್ತೆ ಗದರಿದಾಗ ಬೆನ್ನಿ, ಯೋಚನೆ ಮಾಡುತ್ತಿದ್ದೇನೆ ಮಾರಾಯ ಎಂಬರ್ಥದಲ್ಲಿ ಉತ್ತರಿಸುತ್ತಾನೆ. ಆ ಕಳ್ಳನ ಕೈಗೆ ಹೋದದ್ದು ಕೋಲ್ಮನ್‌ನ ಆಸ್ಕರ್! ಅದು ಕಳೆದುಹೋಯಿತೆಂದು ನೆರೆಮನೆಯವರಿಗೆ ಹೇಳುವುದು ಹೇಗೆಂಬ ಒದ್ದಾಟವೇ ಮುಂದಿನ ವಾರಗಳ ಕಥೆ.

'ದಿ ಹಾಲ್ಸ್ ಆಫ್ ಐವಿ' ಎಂದರೇನು?

ಕೋಲ್ಮನ್ ರೇಡಿಯೊ ಬದುಕಿನ ಶಿಖರ. ಬೆನ್ನಿ ಕಾರ್ಯಕ್ರಮದಲ್ಲಿ ಗಂಡ ಹೆಂಡತಿಯ ಮಾತುಗಾರಿಕೆ ಜನಕ್ಕೆ ಹಿಡಿಸಿತ್ತು. ಡಾನ್ ಕ್ವಿನ್ ಎಂಬ ಅನುಭವಿ ಲೇಖಕ ಸೃಷ್ಟಿಸಿದ ಈ ಸರಣಿಯಲ್ಲಿ ಐವಿ ಎಂಬ ಕಲ್ಪಿತ ಊರಿನ ಕಾಲೇಜಿನ ಅಧ್ಯಕ್ಷ ವಿಲಿಯಂ ಟಾಡ್‌ಹಂಟರ್ ಹಾಲ್ ಆಗಿ ಕೋಲ್ಮನ್, ಹಿಂದೆ ನಟಿಯಾಗಿದ್ದ ಇಂಗ್ಲಿಷ್ ಹೆಂಡತಿ ವಿಕಿಯಾಗಿ ಬೆನಿಟಾ. ಎನ್‌ಬಿಸಿಯಲ್ಲಿ 1950ರ ಜನವರಿ 6ರಿಂದ 1952ರ ಜೂನ್‌ವರೆಗೆ ವಾರಕ್ಕೊಂದು ಅರ್ಧ ಗಂಟೆ. ಪ್ರಾಯೋಜಕರು ಶ್ಲಿಟ್ಜ್ ಬಿಯರ್ ಕಂಪನಿ. ಕಾಲೇಜು ಅಧ್ಯಕ್ಷನ ಸಜ್ಜನಿಕೆಗೆ ಬಿಯರಿನ ದುಡ್ಡು, ನಗು ಬರುತ್ತದೆ.

ಕಥೆಗಳಲ್ಲಿ ದೊಡ್ಡ ಘಟನೆ ನಡೆಯುವುದಿಲ್ಲ. ಒಬ್ಬ ವಿದ್ಯಾರ್ಥಿಗೆ ತೊಂದರೆ, ಒಬ್ಬ ಆಡಳಿತ ಮಂಡಳಿ ಸದಸ್ಯನ ಕಿರಿಕಿರಿ, ನಡುವೆ ಮನೆಯ ಪಡಸಾಲೆಯಲ್ಲಿ ಗಂಡ ಹೆಂಡತಿಯ ಚಟಾಕಿ. ಮದುವೆಯಾಗಿ ವರ್ಷಗಳಾದ ಮೇಲೂ ಒಬ್ಬರ ಮಾತು ಒಬ್ಬರಿಗೆ ರುಚಿಸುವ ದಂಪತಿ ಹೀಗೆ ಮಾತನಾಡುತ್ತಾರೆ. 1938ರಲ್ಲಿ ಮದುವೆಯಾದ ಇವರಿಗೆ ಅದನ್ನು ನಟಿಸುವ ಶ್ರಮ ಹೆಚ್ಚಿರಲಿಲ್ಲ ಅನ್ನಿ. ನಗೆಯ ನಡುವೆ ಜನಾಂಗ ದ್ವೇಷದಂಥ ವಿಷಯವನ್ನೂ ಎತ್ತಿಕೊಂಡರು. 1950ರ ಅಮೆರಿಕದ ರೇಡಿಯೊದಲ್ಲಿ ಅದು ಧೈರ್ಯದ ಮಾತೇ. 'ದಿ ಲೆಸ್ಲಿ ಹಾಫ್ ಪೇಂಟಿಂಗ್' ಎಂಬ ಅಂಥ ಒಂದು ಕಂತನ್ನು ಕೋಲ್ಮನ್ ಸ್ವತಃ ಬರೆದ. ಸರಣಿಗೆ ಪ್ರಸಾರ ಮಾಧ್ಯಮದ ದೊಡ್ಡ ಗೌರವವಾದ ಪೀಬಡಿ ಪ್ರಶಸ್ತಿ ಸಂದಿತು.

1954ರಲ್ಲಿ ಇದೇ ಸರಣಿ ಸಿಬಿಎಸ್ ಟೆಲಿವಿಷನ್ನಿಗೆ ಹೋಯಿತು, ಒಂದು ಋತು ನಡೆದು ನಿಂತಿತು. ರೇಡಿಯೊದಲ್ಲಿ ಕೇಳುಗ ತನಗೆ ಬೇಕಾದ ಪಡಸಾಲೆಯನ್ನು ಕಟ್ಟಿಕೊಂಡಿದ್ದ. ಟಿವಿ ಅದರ ಬದಲಿಗೆ ಒಂದು ಸೋಫಾ ತೋರಿಸಿತು.

ಆಸ್ಕರ್ ಬಂದ ಪಾತ್ರ ಯಾವುದು?

ಜಾರ್ಜ್ ಕ್ಯೂಕರ್ ನಿರ್ದೇಶನದ 'ಎ ಡಬಲ್ ಲೈಫ್'ನಲ್ಲಿ ಆಂಥೊನಿ ಜಾನ್ ಎಂಬ ರಂಗನಟ. ರಾತ್ರಿ ರಾತ್ರಿ ಒಥೆಲೊ ಪಾತ್ರ ಮಾಡಿ ಮಾಡಿ, ವೇಷ ಕಳಚಿದ ಮೇಲೂ ಒಥೆಲೊನ ಸಂಶಯ ಅವನನ್ನು ಬಿಡುವುದಿಲ್ಲ. ಶೇಕ್ಸ್‌ಪಿಯರ್ ಎಂದರೆ ಕೋಲ್ಮನ್‌ಗೆ ಅಳುಕಿತ್ತು. ಹಿರಿಯ ನಟ ವಾಲ್ಟರ್ ಹ್ಯಾಂಪ್ಡನ್ ಒಥೆಲೊ ದೃಶ್ಯಗಳಿಗೆ ತರಬೇತಿ ಕೊಟ್ಟ. ಬಹುಮಾನ ಬಂದಾಗ ವಯಸ್ಸು 57. ನಾಟಕದ ದೃಶ್ಯಗಳಿಗಿಂತ ನನಗೆ ಹಿಡಿಸುವುದು ಆತ ಒಬ್ಬನೇ ಬೀದಿಯಲ್ಲಿ ನಡೆಯುವಾಗ ತಲೆಯೊಳಗೆ ಸಂಭಾಷಣೆ ಗುನುಗುಡುವ ಭಾಗ. ಮುಖ ಮೂಕಿಯದು, ದನಿ ರೇಡಿಯೊದ್ದು.

ಕೊನೆಯ ವರ್ಷಗಳು ಹೇಗಿದ್ದವು?

ಶಾಂತವಾಗಿ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಸ್ಯಾನ್ ಇಸಿಡ್ರೊ ರ್‍ಯಾಂಚ್ ಎಂಬ ಅತಿಥಿಗೃಹದಲ್ಲಿ ಆತನಿಗೆ ಪಾಲಿತ್ತು. 1940ರಲ್ಲಿ ಒಲಿವಿಯೆ ಮತ್ತು ವಿವಿಯನ್ ಲೀ ಗುಟ್ಟಾಗಿ ಮದುವೆಯಾದದ್ದು ಅಲ್ಲೇ. 1950ರ 'ಶಾಂಪೇನ್ ಫಾರ್ ಸೀಸರ್' ಕೊನೆಯ ಪೂರ್ಣ ನಾಯಕ ಪಾತ್ರ: ಕ್ವಿಜ್ ಕಾರ್ಯಕ್ರಮದ ಪ್ರಾಯೋಜಕ ಸಾಬೂನು ಕಂಪನಿಯನ್ನು ತನ್ನ ಜ್ಞಾನದಿಂದಲೇ ದಿವಾಳಿ ಎಬ್ಬಿಸಲು ಹೊರಡುವ ಪಂಡಿತ. 1957ರ 'ದಿ ಸ್ಟೋರಿ ಆಫ್ ಮ್ಯಾನ್‌ಕೈಂಡ್' ಕೊನೆಯ ಚಿತ್ರ, ಅದನ್ನು ಬಿಟ್ಟರೂ ನಷ್ಟವಿಲ್ಲ. 1958ರ ಮೇ 19ರಂದು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ. ಮಗಳು ಜೂಲಿಯೆಟ್ 1975ರಲ್ಲಿ ಅಪ್ಪನ ಜೀವನ ಚರಿತ್ರೆ ಪ್ರಕಟಿಸಿದಳು.

ಕಲಾವಿದರ ಗೌರವಕ್ಕೆ ನಕ್ಷತ್ರ ಕೂರಿಸುವ ಹಾಲಿವುಡ್ಡಿನ ಕಾಲುದಾರಿಯ ಮೇಲೆ ಆತನ ಹೆಸರಿನ ನಕ್ಷತ್ರ ಎರಡಿವೆ. ಒಂದು ಸಿನಿಮಾಕ್ಕೆ, ಇನ್ನೊಂದು ಟೆಲಿವಿಷನ್ನಿಗೆ. ರೇಡಿಯೊಗೆ ಇಲ್ಲ. ಲೆಕ್ಕ ಬರೆದವರು ಎಲ್ಲೋ ತಪ್ಪಿದ್ದಾರೆ.

'ಲಾಸ್ಟ್ ಹೊರೈಜನ್' ನೋಡುವಾಗ ನಡುವೆ ಚಿತ್ರ ನಿಂತುಹೋಗಿ ಬರೀ ಫೋಟೊ ಬರುತ್ತದೆ. ನನ್ನ ಪ್ರತಿ ಹಾಳಾಗಿದೆಯೇ?

ಇಲ್ಲ, ಹಾಗೇ ಇರುವುದು. 1937ರ ನಂತರ ಮರುಬಿಡುಗಡೆಯಾದಾಗಲೆಲ್ಲ ಚಿತ್ರಕ್ಕೆ ಕತ್ತರಿ ಬಿತ್ತು, ಕತ್ತರಿಸಿದ ತುಂಡುಗಳು ಎಲ್ಲೆಲ್ಲೋ ಹೋದವು. 1973ರಿಂದ ಶುರುವಾದ ಪುನರುಜ್ಜೀವನದ ಕೆಲಸದಲ್ಲಿ ಬೇರೆ ಬೇರೆ ಕಡೆಯ ಪ್ರತಿಗಳನ್ನು ಕಲೆಹಾಕಿದಾಗ 132 ನಿಮಿಷದ ಧ್ವನಿಪಥ ಇಡಿಯಾಗಿ ಸಿಕ್ಕಿತು. ದೃಶ್ಯ ಮಾತ್ರ ಆಗ ಸಿಕ್ಕಿದ್ದು 125 ನಿಮಿಷದಷ್ಟೇ. ಉಳಿದ ಏಳು ನಿಮಿಷಕ್ಕೆ ಚಿತ್ರೀಕರಣದ ವೇಳೆ ತೆಗೆದ ಫೋಟೊಗಳನ್ನೂ ನಿಲ್ಲಿಸಿದ ಚೌಕಟ್ಟುಗಳನ್ನೂ ಜೋಡಿಸಿದರು. ಆ ಭಾಗ ಬಂದಾಗ ಪ್ಲೇಯರ್ ಕೆಟ್ಟಿತೆಂದು ಮುಂದಕ್ಕೆ ಓಡಿಸಬೇಡಿ. ಕಣ್ಣು ಮುಚ್ಚಿಕೊಂಡು ಕೇಳಿ.